ನಾಲ್ಕನೇ ಜಾಕು

ಫೆಬ್ರವರಿ 3, ಮಂಗಳವಾರ

ಸಂಜೆ ಏಳೂವರೆ. ಕೆಲಸಕ್ಕೆ ಹೋಗಲು ಶುರು ಮಾಡಿ ಇವತ್ತಿಗೆ ಎಂಟು ದಿನ. ಆರೂವರೆಗೆ ತಳಕಲ್ಲಿನಿಂದ ಬಸ್ಸು, ಕುಕನೂರಲ್ಲಿ ಇಳಿದು ಇನ್ನೊಂದು ಹತ್ತಬೇಕು, ಯಲಬುರ್ಗಾ ಮುಟ್ಟುವಾಗ ಎಂಟಕ್ಕೆ ಕಾಲು ಗಂಟೆ ಇರುತ್ತದೆ. ಹಳೇ ಊರಿನ ಅಗಸಿ ಬಾಗಿಲಿನ ಪಕ್ಕ ತಗಡಿನ ಶೆಡ್ಡು. ಅದರ ಕೀಲಿ ನನ್ನ ಹತ್ತಿರ. ಹಳೇ ಓಣಿಯಲ್ಲಿ ಒಳಚರಂಡಿ ಪೈಪು ಹಾಕುತ್ತಿದ್ದಾರೆ. ಮುಂಜಾನೆ ಗ್ಯಾಂಗಿನವರಿಗೆ ಏಣಿ, ಹಾರೆ, ಜಾಕು, ತಲೆಗೆ ಹಾಕುವ ಟೋಪಿ ಕೊಡುವುದು, ಸಂಜೆ ಎಣಿಸಿ ಒಳಗಿಡುವುದು, ಹಾಜರಿ ಬರೆಯುವುದು. ಹತ್ತನೇ ಇಯತ್ತೆವರೆಗೆ ಓದಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಕಂಪನಿಯವರು ಎರಡು ನೋಟುಬುಕ್ಕು ಕೊಟ್ಟಿದ್ದರು. ಹಾಜರಿಗೆ ಒಂದು ಸಾಕಾಯಿತು. ಉಳಿದದ್ದರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಹಾಜರಿಯ ಹಳೇ ಪುಸ್ತಕವೂ ಶೆಡ್ಡಿನಲ್ಲೇ ಇದೆ. ಅದರಲ್ಲಿ ‘ಯಮನೂರ, ತಳಕಲ್’ ಅಂತ ಒಂದು ಸಾಲಿದೆ. ಆಗಸ್ಟ್ ಹನ್ನೊಂದರವರೆಗೆ ಅದರ ಮುಂದೆ ಗೆರೆ ಎಳೆದಿದ್ದಾರೆ. ಆಮೇಲೆ ಖಾಲಿ. ಕುಷ್ಟಗಿ ಕಡೆಯ ಕೆಲಸದಲ್ಲಿ ಇದೇ ಕಂಪನಿಯ ಪೈಪಿನ ತಗ್ಗಿನಲ್ಲಿ ಮಣ್ಣು ಬಿದ್ದು ನಮ್ಮ ಮನೆಯವರು ಹೋದರು. ಮದುವೆಯಾಗಿ ಹದಿನಾಲ್ಕು ವರ್ಷ ಆಗಿತ್ತು. ನಾನು ಆ ಸಾಲನ್ನು ಒಂದು ಸಲ ನೋಡಿ ಪುಸ್ತಕ ಮುಚ್ಚಿಟ್ಟೆ.

ಇವರ ಅಣ್ಣ ಹುಲಗಪ್ಪ ಭಾವ ಅಲ್ಲೂ ಮೇಸ್ತ್ರಿ, ಇಲ್ಲೂ ಮೇಸ್ತ್ರಿ. ನನಗೆ ಈ ಕೆಲಸ ಕೊಡಿಸಿದವರು ಅವರೇ. ಮುಖ ನೋಡಿ ಮಾತಾಡುವುದಿಲ್ಲ. ‘ಏಣಿ’ ಅನ್ನುತ್ತಾರೆ, ಕೊಡುತ್ತೇನೆ.

ಇವರ ಮನೆತನ ಬಾವಿ ತೋಡುವವರದು. ನೆಲದೊಳಗೆ ಇಳಿಯುವಾಗ ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಒಂದು ಚಿಟಿಕೆ ಮಣ್ಣು ಕಣ್ಣಿಗೆ ಒತ್ತಿಕೊಂಡು ಇಳಿಯಬೇಕು. ಈಗ ಗ್ಯಾಂಗಿನವರೆಲ್ಲ ಹಾಗೇ ಮಾಡುತ್ತಾರೆ. ಕಂಪನಿಯ ಬೂಟು ಶೆಡ್ಡಿನಲ್ಲಿ ಹೊಸದಾಗಿಯೇ ಇವೆ. ಒಳಗೆ ಎಷ್ಟು ಜನ ಇದ್ದಾರೆಂದು ನಾನು ದಂಡೆಯ ಮೇಲಿನ ಚಪ್ಪಲಿ ಎಣಿಸಿ ತಿಳಿದುಕೊಳ್ಳುತ್ತೇನೆ. ಇವತ್ತು ಎರಡು ಜೊತೆ. ಕೊಟ್ರೇಶನದು, ಸಾದಿಕನದು.

ಕೊಟ್ರೇಶ ತಗ್ಗಿನೊಳಗಿಂದಲೇ ಕೂಗಿದ: “ಯಕ್ಕಾ, ನನ್ನ ಚಪ್ಪಲಿ ಮ್ಯಾಲ ಯಾಕ ಕಣ್ಣಿಟ್ಟೀ? ಮೊನ್ನಿ ಕೊಂಡಾವು ಅವು. ಕಳದ್ರ ನೀನಽ ಕೊಡಸಬೇಕು ನೋಡು.”

ಕುಷ್ಟಗಿಯಿಂದ ಇವರ ಚಪ್ಪಲಿಯನ್ನು ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿ ಕೊಟ್ಟಿದ್ದರು. ಅದಿನ್ನೂ ಬಿಚ್ಚಿಲ್ಲ.

ಫೆಬ್ರವರಿ 5, ಗುರುವಾರ

ಏಳು ಗಂಟೆ. ಕೊಪ್ಪಳದಿಂದ ವಾಣಿಶ್ರೀ ಮೇಡಂ ಬಂದಿದ್ದರು. ಇಂಜಿನಿಯರು. ನನಗಿಂತ ಸಣ್ಣವರು. ಓಣಿಯ ಈ ತುದಿಯಿಂದ ಆ ತುದಿಗೆ ನಡೆದರು, ಟೇಪು ಹಿಡಿದು ಅಳೆದರು. ಸೂಪರ್‌ವೈಸರ್ ರುದ್ರೇಶ ಸಾಹೇಬರು ಕೊಡೆ ಹಿಡಿದು ಹಿಂದಿಂದೆ.

ಮಣ್ಣು ಬೀಳದ ಹಾಗೆ ಎಲ್ಲೆಲ್ಲಿ ಏನು ಆಸರೆ ಕೊಡಬೇಕೆಂದು ಹೇಳಲಿಕ್ಕೇ ಅವರು ಬಂದದ್ದು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದೆ.

“ಊರ ಹೊರಗ ಜಾಗಾ ಐತಿ. ಅಲ್ಲಿ ಎರಡೂ ಕಡೆ ಇಳಿಜಾರ ಕಡೀರಿ, ಹಲಗಿ ಬ್ಯಾಡ. ಓಣ್ಯಾಗ ಹಂಗ ಕಡ್ಯಾಕ ಬರಂಗಿಲ್ಲ, ಮನಿ ಅದಾವು. ಇಲ್ಲಿ ಹಲಗಿ ನಿಲ್ಲಿಸಿ ನಡುವ ಜಾಕ್ ಕೊಡ್ರಿ. ಆ ತಿರುವಿನ್ಯಾಗ ಮಾತ್ರ ಹನ್ನೊಂದು ಅಡಿ ಆಳ ಹೋಗತೈತಿ, ಛೇಂಬರ್ ಕಟ್ಟೋತನಕ ಹದಿನೈದು ದಿನ ತೆರದಽ ಇರತೈತಿ. ಅಲ್ಲಿಗೆ ಮಂದಿ ಒಳಗ ನಿಂತು ಕೆಲಸ ಮಾಡೋ ಕಬ್ಬಿಣದ ಪೆಟ್ಟಿಗಿನಽ ಬೇಕು.”

“ಪೆಟ್ಟಿಗಿ ಗಂಗಾವತಿ ಕೆಲಸದಾಗ ಐತ್ರಿ ಮೇಡಂ,” ಅಂದರು ರುದ್ರೇಶ ಸಾಹೇಬರು. “ತಂದ್ರೂ ಈ ಅಗಸ್ಯಾಗ ಹಾಯಂಗಿಲ್ರಿ.”

ಅಳೆದು ನೋಡಿದರು. ಅಗಸಿ ಎಂಟಡಿಗೆ ಎರಡು ಬೆರಳು ಕಡಿಮೆ. ಪೆಟ್ಟಿಗೆ ಹೊತ್ತ ಗಾಡಿ ಒಂಬತ್ತು ಅಡಿ.

“ಬಿಚ್ಚಿ ತರ್ರಿ. ಒಳಗ ತಂದು ಜೋಡಸ್ರಿ.”

“ಆತ್ರಿ,” ಅಂದರು ಸಾಹೇಬರು. ‘ಆತ್ರಿ’ ಅನ್ನುವುದರಲ್ಲೂ ಬಹಳ ಥರ ಇದೆ.

“ಅದು ಬರೋತನಕ ಹಲಗಿ ಒಂದಕ್ಕೊಂದು ಒತ್ತಿ ನಿಲ್ಲಸ್ರಿ, ನಡುವ ಬೆರಳು ಹೋಗಬಾರದು. ಆರು ಜಾಕ್. ತಗದ ಮಣ್ಣು ದಂಡಿಯಿಂದ ನಾಲ್ಕಡಿ ದೂರ ಒಟ್ರಿ.”

ಭಾವ ಅಷ್ಟು ಹೊತ್ತು ಬೀಡಿ ಹಿಡಿದು ಸುಮ್ಮನೆ ಕೂತಿದ್ದರು. “ನಾವು ಅರವತ್ತು ಅಡಿ ಬಾವಿ ತೋಡೀವ್ರಿ ಮೇಡಂ. ಒಂದು ಹಲಗಿ ಹಚ್ಚಿಲ್ಲ.”

“ಬಾವಿ ದುಂಡಗಿರತೈತಿ ಹುಲಗಪ್ಪ. ಮಂದಿ ಸುತ್ತ ನಿಂತು ಕೈ ಕೈ ಹಿಡಕೊಂಡಂಗ. ಒಬ್ಬ ಬೀಳ್ತೀನಿ ಅಂದ್ರೂ ಆಜೂಬಾಜೂದವರು ಬಿಡಂಗಿಲ್ಲ. ಇದು ಉದ್ದಕ ನಿಂತ ಗ್ವಾಡಿ. ಇದರ ಕೈ ಹಿಡಿಯಾಕ ಯಾರೂ ಇಲ್ಲ.”

ಭಾವ ಬೀಡಿ ನೆಲಕ್ಕೆ ಒತ್ತಿ ಎದ್ದು ಹೋದರು.

ಹೋಗುವಾಗ ಮೇಡಂ ಶೆಡ್ಡಿಗೆ ಬಂದರು. ನಾನು ಯಾರು ಅಂತ ಅವರಿಗೆ ಯಾರೋ ಹೇಳಿದ್ದರು ಅನ್ನಿಸುತ್ತದೆ, ಅದರ ಸುದ್ದಿ ತೆಗೆಯಲಿಲ್ಲ. ಒಂದು ಕೆಲಸ ಹೇಳಿದರು. ದಿನಾ ಮುಂಜಾನೆ ಇಳಿಯುವ ಮೊದಲು ಎರಡೂ ಕಡೆಯ ಹಲಗೆಗೆ ಅಡ್ಡ ಒತ್ತುವ ಜಾಕುಗಳನ್ನು ತಿರುವಿ ಬಿಗಿ ಮಾಡುತ್ತಾರೆ, ಯಾವ ಜಾಕು ಎಷ್ಟು ಸುತ್ತು ತಿರುಗಿತು ಅಂತ ಬರೆದಿಡಬೇಕು.

“ತಿರುವಾಕ ಬರಲಾರದಷ್ಟು ಬಿಗಿ ಆಗಿತ್ತಂದ್ರ ಗ್ವಾಡಿ ಮುಂದ ಬರಾಕತ್ತೈತಿ ಅಂತ ತಿಳೀರಿ.”

“ಸಡಲ ಆಗಿದ್ರ?” ಅಂದೆ.

“ಹಿಂದ ಹೊಂಟೈತಿ ಅಂತ.” ಸ್ವಲ್ಪ ತಡೆದು, “ಹಿಂದ ಹೋಗಾಕ ಹಿಂದ ಜಾಗಾ ಇರಬೇಕಲ್ಲ ಮತ್ತ,” ಅಂದರು.

ಹಾಜರಿ ಪುಸ್ತಕದಲ್ಲಿ ಇದಕ್ಕೆ ಮನೆ ಇಲ್ಲ. ಹಾಗಾಗಿ ಇಲ್ಲೇ ಬರೆಯುತ್ತೇನೆ.

ಫೆಬ್ರವರಿ 9, ಸೋಮವಾರ

ತಿರುವಿನಲ್ಲಿ ಹಲಗೆ ನಿಲ್ಲಿಸಿದರು. ಆರು ಜಾಕಿಗೂ ಬಿಳಿ ಬಣ್ಣದಿಂದ ನಂಬರು ಬರೆಸಿದೆ. ನಾಲ್ಕನೆಯದು ಬಸವಕುಮಾರ ಶೆಟ್ಟರ ಮನೆಯ ಕಟ್ಟೆಯ ಕೆಳಗೆ ಬರುತ್ತದೆ. ಗೊಬ್ಬರ ಬೀಜದ ಅಂಗಡಿಯವರು. ಓಣಿಗೆಲ್ಲ ದೊಡ್ಡ ಕಟ್ಟೆ ಅವರದು, ಹೊಸ ಕಡಪ ಕಲ್ಲು ಹಾಸಿದ್ದಾರೆ.

ಊರ ಹೊರಗಿನ ಇಳಿಜಾರು ಚೆನ್ನಾಗಿ ಆಗಿದೆ. ಕುರಿ ಕೂಡ ಇಳಿದು ಹತ್ತುತ್ತವೆ.

ಊಟಕ್ಕೆ ಇವರ ಡಬ್ಬಿಯನ್ನೇ ಒಯ್ಯುತ್ತಿದ್ದೇನೆ. ಮುಚ್ಚಳದ ಮೇಲೆ ಮೊಳೆಯಿಂದ ಗೀರಿ ಹೆಸರು ಬರೆದುಕೊಂಡಿದ್ದರು, ಯಾರೂ ಬದಲಿಸಬಾರದೆಂದು.

ಫೆಬ್ರವರಿ 10, ಮಂಗಳವಾರ

ನಾಲ್ಕನೇ ಜಾಕು ಒಂದು ಸುತ್ತು. ಉಳಿದವು ಬಿಗಿ.

ಇವರ ಫೋನಿಗೆ ಇವತ್ತೂ ಚಾರ್ಜು ಹಾಕಿದೆ. ಯಾರೂ ಮಾಡುವುದಿಲ್ಲ. ಆರಿ ಹೋಗಬಾರದು ಅಷ್ಟೇ.

ಫೆಬ್ರವರಿ 12, ಗುರುವಾರ

ಏಳೂಕಾಲು. ನಾಲ್ಕನೇ ಜಾಕು ಎರಡು ಸುತ್ತು.

ಮಧ್ಯಾಹ್ನ ತಗ್ಗಿನಲ್ಲಿ ಸ್ವಲ್ಪ ಜಗಳ. ಭಾವ ಒಂದು ಹಲಗೆ ತೆಗೆ ಅಂದರು. ಸಾದಿಕ ತೆಗೆಯಲಿಲ್ಲ.

“ಮೇಡಂ ಬೈತಾರ ಮಾವಾ.”

“ಮೇಡಂ ಕೊಪ್ಪಳದಾಗ ಅದಾರ. ನೆಲ ಇಲ್ಲೈತಿ. ಹಲಗಿ ಹಾಕಿದ್ರ ನೆಲದ ದನಿ ಕಟ್ಟತೈತಲೇ. ಒಳಗ ಏನು ನಡದೈತಿ ಅಂತ ಹ್ಯಾಂಗ ಕೇಳೋದು? ಬಾಯಿಗೆ ಬಟ್ಟಿ ತುರುಕಿ ಏನು ಬ್ಯಾನಿ ಅಂತ ಕೇಳಿದಂಗ ಆತು ಇದು.”

ಕೊನೆಗೆ ತಾವೇ ಇಳಿದು ನಾಲ್ಕನೇ ಜಾಕಿನ ಪಕ್ಕದ ಹಲಗೆ ಸರಿಸಿದರು. ಹಾರೆಯ ಹಿಂಭಾಗದಿಂದ ಗೋಡೆಗೆ ಮೂರು ಕಡೆ ಬಡಿದರು. ಕಿವಿ ಹಚ್ಚಿ ಕೇಳಿದರು. ಬಾವಿ ತೋಡುವವರೆಲ್ಲ ಹಾಗೇ. ಇವರೂ ಮನೆಯ ಗೋಡೆಗೂ ಬೆರಳಿಂದ ಬಡಿದು ನೋಡುತ್ತಿದ್ದರು, ಸುಮ್ಮನೆ, ರೂಢಿ.

“ಗಟ್ಟಿ ಐತಿ,” ಅಂದರು ಭಾವ ಮೇಲೆ ಬಂದು. ಯಾರ ಕಡೆಯೂ ನೋಡಲಿಲ್ಲ.

ಸಂಜೆ ಸಾದಿಕ ಹಾರೆ ಕೊಡಲು ಬಂದಾಗ ಕೇಳಿದೆ. ಅವನು ಕುಷ್ಟಗಿಯಲ್ಲೂ ಇದ್ದವನು.

“ಅವತ್ತ ಅಲ್ಲಿ ಹಲಗಿ ಇದ್ದವೇನೋ ಸಾದಿಕ?”

ಅವನು ಹಾರೆಯ ಮಣ್ಣನ್ನು ಹೆಬ್ಬೆರಳಿಂದ ಕೆರೆದ. ಬಹಳ ಹೊತ್ತು ಕೆರೆದ.

“ಇದ್ದವು ಅಕ್ಕಾ,” ಅಂದ.

ಮುಂದೆ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಅತ್ತೆಗೂ ನನಗೂ ಉಪವಾಸ. ಖರ್ಜೂರ, ಶೇಂಗಾ ತಂದಿದ್ದೆ. ಅತ್ತೆ ಸಣ್ಣವ್ವ ಬಾಗಿಲಲ್ಲಿ ಕೂತು ಸಂಜೆವರೆಗೆ ದಾರಿ ನೋಡಿದರು. “ಹುಲಗ್ಯಾ ಈ ಸಲಾನೂ ಬರಲಿಲ್ಲ ನೋಡು. ಎರಡು ಓಣಿ ದಾಟಿದ್ರ ಅವ್ವನ ಮನಿ. ಒಬ್ಬ ಹೋದಂದ್ರ ಇನ್ನೊಬ್ಬಾವನೂ ಹ್ವಾದನೇನು?” ಅಂದರು.

ಅವರಿಗೆ ಶೇಂಗಾ ಸುಲಿದು ಕೊಟ್ಟೆ. ನಾಲ್ಕನೇ ಜಾಕು ನಿನ್ನೆ ಮತ್ತೆ ಎರಡು ಸುತ್ತು. ನಾಳೆ ಜಾಕು ಬಿಗಿ ಮಾಡಿದ ಮೇಲೆ ಮಂಗಳವಾರ ಅಮಾವಾಸ್ಯೆ. ಅವತ್ತು ಯಾರೂ ನೆಲಕ್ಕೆ ಹಾರೆ ಹಾಕುವುದಿಲ್ಲ, ಕೆಲಸ ಬಂದ್. ಒಂದು ಪೂರ್ತಿ ದಿನ ಜಾಕುಗಳನ್ನು ಯಾರೂ ಮುಟ್ಟುವುದಿಲ್ಲ.

ಫೆಬ್ರವರಿ 18, ಬುಧವಾರ

ಏಳು ಗಂಟೆ. ನಾಲ್ಕನೇ ಜಾಕು ಐದು ಸುತ್ತು.

ಕೊಟ್ರೇಶ ಎಣಿಸುತ್ತ ತಿರುವುತ್ತಿದ್ದ. ಮೂರಕ್ಕೆ ನಗುತ್ತಿದ್ದ. “ಇದಕ್ಕೂ ಅಮಾಸಿ ಹಿಡದೈತಿ ನೋಡಕ್ಕಾ.” ಐದಕ್ಕೆ ನಗು ನಿಂತಿತು. ಮೂರನೆಯದೂ ಒಂದು ಸುತ್ತು ತಿರುಗಿತು. ಇಷ್ಟು ದಿನ ಅದು ಅಲುಗಿರಲಿಲ್ಲ.

ಹತ್ತು ಗಂಟೆಗೆ ಅವನೇ ಕೂಗಿದ: “ಯಕ್ಕಾ, ಇಲ್ಲಿ ಏನೋ ಸುರ್ಯಾಕತ್ತೈತಿ.”

ಹೋಗಿ ದಂಡೆಯಲ್ಲಿ ಕೂತು ನೋಡಿದೆ. ಎರಡು ಹಲಗೆಯ ಸಂದಿಯಿಂದ ಕರ್ರಗೆ ಏನೋ ಸಣ್ಣಗೆ ಇಳಿಯುತ್ತಿತ್ತು. ಮರಳು ಗಡಿಯಾರ ಅಂತ ಸಾಲಿಯಲ್ಲಿ ಚಿತ್ರ ಇತ್ತು, ಹಾಗೆ. ಅವನು ಒಂದು ಬೊಗಸೆ ಮೇಲೆ ಕೊಟ್ಟ. ಎರೆಮಣ್ಣು ಅಲ್ಲ. ಕಾಳು. ಸುಟ್ಟ ಹಾಗೆ ಕಪ್ಪಾದ ಜೋಳದ ಕಾಳು, ನಡುವೆ ಕೊಳೆತ ಹುಲ್ಲು. ಮೂಗಿಗೆ ಹಿಡಿದೆ. ಮುಗ್ಗಲು ವಾಸನೆ, ಸ್ವಲ್ಪ ಹುಳಿ.

ನನ್ನ ತವರು ಕನಕಗಿರಿ ಕಡೆ. ಅಜ್ಜನ ಮನೆಯ ಮುಂದೆ ಹಗೇವು ಇತ್ತು. ನೆಲದೊಳಗಿನ ಕಣಜ ಅದು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ಒಳಗೆ ಸುತ್ತಲೂ ಹುಲ್ಲು ಕಟ್ಟಿ ಜೋಳ ಸುರಿಯುತ್ತಿದ್ದರು. ತೆಗೆಯುವ ದಿನ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಅವತ್ತು ಯಾರೂ ಇಳಿಯುತ್ತಿರಲಿಲ್ಲ. ಅಜ್ಜ ಎಷ್ಟೇ ಅವಸರದವನಾದರೂ ಇಳಿಸುತ್ತಿರಲಿಲ್ಲ.

ಆ ವಾಸನೆ ನನಗೆ ಗೊತ್ತು.

ಭಾವನಿಗೆ ಕಾಳು ತೋರಿಸಿದೆ. ಆರು ತಿಂಗಳಲ್ಲಿ ನಾನಾಗಿ ಅವರ ಮುಂದೆ ಹೋಗಿ ನಿಂತದ್ದು ಇದೇ ಮೊದಲು. ಅಂಗೈ ಮೇಲೆ ಹಾಕಿಕೊಂಡು ನೋಡಿದರು, ಊದಿದರು. “ಇಲಿ ಬಿಲ ಇರಬೇಕು,” ಅಂದರು. ಆದರೆ ಕಾಳನ್ನು ಚೆಲ್ಲಲಿಲ್ಲ, ಜೇಬಿಗೆ ಹಾಕಿಕೊಂಡರು.

ಫೆಬ್ರವರಿ 19, ಗುರುವಾರ

ಏಳೂವರೆ. ನಾಲ್ಕನೆಯದು ಮೂರು ಸುತ್ತು, ಮೂರನೆಯದು ಒಂದು. ಒಂದೇ ದಿನಕ್ಕೆ.

ತಿರುವಿನ ಎದುರು ಮನೆ ಶಾಹಜಾದಬಿ ಅಜ್ಜಿಯದು. ಎಂಬತ್ತು ದಾಟಿದೆ. ಇವತ್ತಿನಿಂದ ರಂಜಾನಿನ ರೋಜಾ, ಉಪವಾಸ. ನೆರಳಲ್ಲಿ ಚಾಪೆ ಹಾಸಿ ಕೂತಿದ್ದಳು. ನನ್ನ ಹತ್ತಿರ ಉಳಿದಿದ್ದ ಕಾಳಿನಲ್ಲಿ ಸ್ವಲ್ಪ ಕೊಟ್ಟೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ಉಜ್ಜಿ ನೋಡಿದಳು.

“ಹಗೇವಿಂದು ಬೇಟಿ. ಬಸವಕುಮಾರನ ಕಟ್ಟಿ ಬುಡಕ ಐತಿ. ನಾ ಮದುವಿ ಆಗಿ ಬಂದಾಗ ಅವರಪ್ಪ ಅದರಾಗ ನೂರು ಚೀಲ ಹಾಕತಿದ್ದ. ಆಮ್ಯಾಲ ರೇಷನ್ ಬಂತು, ಮಿಷನ್ ಬಂತು, ಬಾಯಿಗೆ ಕಲ್ಲು ಎಳದು ಮ್ಯಾಲ ಸಿಮೆಂಟ್ ಬಡದರು.”

“ಒಳಗ ಮಣ್ಣು ತುಂಬ್ಯಾರೇನು?”

“ತುಂಬಿದ್ದು ನಾ ನೋಡಿಲ್ಲ. ನೂರು ಚೀಲದ ಮಣ್ಣು ಯಾರು ಹೊತ್ತು ಹಾಕತಾರವ್ವಾ?” ಆಮೇಲೆ ಸ್ವಲ್ಪ ಯೋಚಿಸಿ, “ಒಂದಽ ಅಲ್ಲ. ಎರಡಿದ್ದವು,” ಅಂದಳು.

“ಇನ್ನೊಂದು ಎಲ್ಲಿ?”

“ಅದಽ ನೆನಪಾಗವಲ್ದು.”

ಬಸವಕುಮಾರ ಶೆಟ್ಟರನ್ನು ಕೇಳಿದೆ. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಕೆಳಗೆ ಹನ್ನೊಂದು ಅಡಿಯಲ್ಲಿ ಕೊಟ್ರೇಶ ಇಟ್ಟಂಗಿ ಕಟ್ಟುತ್ತಿದ್ದ, ಕರಣಿಯ ಸದ್ದು ಕೇಳುತ್ತಿತ್ತು.

“ಹಗೇವು ಗಿಗೇವು ಏನಿಲ್ಲ. ಯಾರು ಹೇಳಿದ್ದು, ಆ ಮುದುಕೀನಾ? ಆಕಿಗೆ ಮುಂಜಾನಿ ಉಂಡದ್ದು ಸಂಜಿಕ ನೆನಪಿರಂಗಿಲ್ಲ.”

“ಮುಂಜಾನಿ ಆಕಿ ಉಂಡಿಲ್ರಿ. ರೋಜಾ ಅದಾಳ,” ಅಂದೆ. ಬಾಯಿಂದ ಯಾಕೆ ಬಂತೋ.

ಅವರು ಪೇಪರು ಮಡಚಿದರು. “ನೋಡವ್ವಾ, ಈ ಕಟ್ಟಿ ಎರಡಡಿ ರಸ್ತಾದಾಗ ಐತಿ ಅಂತ ಮೊದಲಽ ನೋಟೀಸು ಬಂದೈತಿ. ಈಗ ಬುಡಕ ಹಗೇವು ಐತಿ ಅಂದ್ರ ನಾಳೆ ಜೆಸಿಬಿ ತಂದು ನಿಲ್ಲಸ್ತಾರ. ಮಗಳ ಮದುವಿ ಇಟಗೊಂಡೀನಿ. ಹಂದರ ಹಾಕೋದು ಈ ಕಟ್ಟಿ ಮ್ಯಾಲ. ನಿನ್ನ ಕೆಲಸ ಏಣಿ ಕೊಡೋದು. ಕೊಡು ಹೋಗು.”

‘ಇಲ್ಲ’ ಅಂತ ಅವರು ಎರಡನೇ ಸಲ ಹೇಳಲಿಲ್ಲ.

ಮೇಡಂಗೆ ಫೋನು ಮಾಡಿದೆ. ಟ್ರೇನಿಂಗಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರಂತೆ. ಕಾಳಿನದು, ಹಗೇವಿನದು ಹೇಳಿ ಸುತ್ತಿನ ಲೆಕ್ಕ ಓದಿದೆ. ಒಂದು, ಒಂದು, ಎರಡು, ಒಂದು, ಎರಡು, ಎರಡು, ಐದು, ಮೂರು. ಅವರು ಒಂದೊಂದನ್ನೂ ತಿರುಗಿ ಹೇಳಿ ಬರೆದುಕೊಂಡರು.

“ಯಾರನ್ನೂ ಇಳಸಬ್ಯಾಡ್ರಿ,” ಅಂದರು. “ಈ ಸಂದ್ಯಾಗ ಹಲಗಿ ಸಾಕಾಗಂಗಿಲ್ಲ. ಒಂದು ಕಡೆ ಟೊಳ್ಳಿದ್ರ ಜಾಕು ಯಾವುದಕ್ಕ ಒತ್ತಬೇಕು? ಪೆಟ್ಟಿಗಿ ಬರಬೇಕು, ಇಲ್ಲಾ ಹಗೇವು ತೆರದು ಮರಳು ತುಂಬಬೇಕು. ನಾ ರುದ್ರೇಶಗ ಹೇಳತೀನಿ. ನೀವು ಬರದದ್ದನ್ನ ಮಾತ್ರ ಕಳೀಬ್ಯಾಡ್ರಿ.”

ಸಾಹೇಬರಿಗೆ ಫೋನು ಬಂದದ್ದು ಕಂಡೆ. “ಆತ್ರಿ ಮೇಡಂ, ಆತ್ರಿ,” ಅಂದರು.

ಫೆಬ್ರವರಿ 20, ಶುಕ್ರವಾರ

ಏಳು ಗಂಟೆ. ಇವತ್ತು ಏಣಿ ಕೊಡಲಿಲ್ಲ.

ಮುಂಜಾನೆ ರುದ್ರೇಶ ಸಾಹೇಬರು ಟ್ರ್ಯಾಕ್ಟರು ತಂದಿದ್ದರು. ತಿರುವಿನ ಹಲಗೆ, ಜಾಕು ಬಿಚ್ಚಿ ಹೇರಬೇಕು, ಗಂಗಾವತಿ ಕೆಲಸಕ್ಕೆ ಬೇಕಾಗಿವೆ ಅಂದರು. ಛೇಂಬರ್ ಎದೆಮಟ್ಟ ಬಂದಿದೆ, ಇನ್ನು ಎರಡು ದಿನದ ಕೆಲಸ, ಹಲಗೆ ಇಲ್ಲದಿದ್ದರೂ ನಡೆಯುತ್ತದೆ. ತಿಂಗಳ ಕೊನೆಗೆ ದೊಡ್ಡವರು ಬಂದು ಉದ್ಘಾಟನೆ ಮಾಡುವವರಿದ್ದಾರೆ.

ಕೊಟ್ರೇಶ ಏಣಿಗೆ ಬಂದ. ಏಣಿ ನನ್ನ ಹಿಂದೆ ಗೋಡೆಗೆ ಒರಗಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಕೈ ಬರಲಿಲ್ಲ.

“ಕೊಡಕ್ಕಾ.”

“ಇಲ್ಲ.”

“ಇಲ್ಲ ಅಂದ್ರ? ಹಿಂದಽ ಐತಲ್ಲ ಏಣಿ.”

“ಐತಿ. ಕೊಡಂಗಿಲ್ಲ.”

ಅವನು ನಕ್ಕ, ನಗು ಅಲ್ಲೇ ಉಳಿಯಿತು. ಸಾಹೇಬರು ಬಂದರು. ಮೊದಲು ಮೆತ್ತಗೆ, “ಅಕ್ಕಾರ, ಹಿಂಗ್ಯಾಕ್ರಿ? ಕಂಪನಿ ನಿಮ್ಮ ಕೈ ಬಿಡಲಿಲ್ಲಲ್ಲ,” ಅಂದರು. ಆಮೇಲೆ ದನಿ ಏರಿತು. “ನೀವೇನು ಇಂಜಿನಿಯರಾ? ಹತ್ತನೇತ್ತ ಪಾಸಾದ್ರೂ ಆಗೀರೋ ಇಲ್ಲೋ?”

“ಇಲ್ರಿ. ಗಣಿತದಾಗ ಹ್ವಾದೆ,” ಅಂದೆ. “ಆದ್ರ ಎಣಸಾಕ ಬರತೈತ್ರಿ. ಇವತ್ತ ಜಾಕು ಯಾರೂ ತಿರುವಿಲ್ಲ. ನಿನ್ನಿ ತಿರುವಿದ ಮ್ಯಾಲ ನಾಲ್ಕನೇ ಜಾಕಿನ ತಿರುಪಿನ ಗೆರಿ ಇನ್ನ ನಾಲ್ಕಽ ಸುತ್ತು ಉಳದಾವು. ಆಮ್ಯಾಲ ಅದು ಎಲ್ಲಿಗೂ ಮುಟ್ಟಂಗಿಲ್ಲ.”

ಇಷ್ಟು ಮಾತು ನಾನು ಒಂದೇ ಸಲ ಯಾರ ಮುಂದೆಯೂ ಆಡಿದ್ದಿಲ್ಲ ಅಂತ ಬಸ್ಸಿನಲ್ಲಿ ನೆನಪಾಯಿತು.

ಸಾದಿಕ ಬಂದು ಶೆಡ್ಡಿನ ನೆರಳಲ್ಲಿ ಕೂತ. ಚಪ್ಪಲಿ ಬಿಡಲಿಲ್ಲ. ಕೊಟ್ರೇಶ ಅವನನ್ನು ನೋಡಿದ, ತಗ್ಗನ್ನು ನೋಡಿದ, ಅವನೂ ಬಂದು ಕೂತ. “ನನಗೂ ಇವತ್ತ ರೋಜಾ,” ಅಂದ. ಸಾದಿಕ ಮೊಣಕೈಯಿಂದ ತಿವಿದ. “ಹಂಗಾರ ಆ ಬಾಯಾಗಿಂದು ಗುಟ್ಕಾ ಉಗಳು.”

ಭಾವ ಮಾತ್ರ ತಗ್ಗಿನ ದಂಡೆಯಲ್ಲೇ ನಿಂತಿದ್ದರು. ಅವರು ಒಂದು ಮಾತು ಅಂದಿದ್ದರೆ ಗ್ಯಾಂಗು ಎದ್ದು ಹೋಗುತ್ತಿತ್ತು. ಅನ್ನಲಿಲ್ಲ. ‘ಬ್ಯಾಡ’ ಅಂತಲೂ ಅನ್ನಲಿಲ್ಲ.

ಹನ್ನೊಂದಕ್ಕೆ ಟ್ರ್ಯಾಕ್ಟರು ಖಾಲಿ ಹೋಯಿತು. ಇಡೀ ದಿನ ಯಾರೂ ಇಳಿಯಲಿಲ್ಲ. ಮಧ್ಯಾಹ್ನ ದಂಡೆಗೆ ಹೋಗಿ ನೋಡಿದೆ. ಗಾಳಿ ಇರಲಿಲ್ಲ. ಕಾಳು ಸುರಿಯುವುದು ನಿಂತಿತ್ತು. ಕಟ್ಟೆಯ ಕಡಪ ಕಲ್ಲಿನಲ್ಲಿ ಒಂದು ಸೀಳು, ತಗ್ಗಿನ ಗುಂಟ, ಕೂದಲಷ್ಟು ಸಣ್ಣದು. ನಿನ್ನೆ ಶೆಟ್ಟರು ಅದರ ಮೇಲೆಯೇ ಕೂತಿದ್ದರು. ಇವತ್ತು ಕುರ್ಚಿಯನ್ನು ಬಾಗಿಲ ಒಳಗೆ ಹಾಕಿಕೊಂಡಿದ್ದಾರೆ.

ಫೆಬ್ರವರಿ 21, ಶನಿವಾರ

ಏಳೂಮುಕ್ಕಾಲು.

ಮುಂಜಾನೆ ಶೆಡ್ಡಿನ ಮುಂದೆ ಸಾಹೇಬರು ನಿಂತಿದ್ದರು. ಕೀಲಿ ಕೊಡ್ರಿ ಅಂದರು. ಕೊಟ್ಟೆ. ಸೋಮವಾರದಿಂದ ಬರುವುದು ಬೇಡ, ಆಫೀಸಿನಿಂದ ಹೇಳಿ ಕಳಿಸುತ್ತಾರೆ ಅಂದರು. ಸಿಟ್ಟು ಮಾಡಲಿಲ್ಲ. “ನನ್ನ ಮ್ಯಾಲೂ ಮಂದಿ ಅದಾರ್ರಿ ಅಕ್ಕಾರ,” ಅಂದರು. ಮುಖ ನಿದ್ದೆ ಇಲ್ಲದ ಹಾಗಿತ್ತು.

ಕೊಟ್ರೇಶನನ್ನೂ ಸಾದಿಕನನ್ನೂ ಊರ ಹೊರಗಿನ ಇಳಿಜಾರಿಗೆ ಕಳಿಸಿದರು. ಹಲಗೆ, ಜಾಕು ಎಲ್ಲ ಮಧ್ಯಾಹ್ನ ಟ್ರ್ಯಾಕ್ಟರಿಗೆ ಹೇರಿದರು. ಮೇಲಿನಿಂದ ಕೊಂಡಿ ಹಾಕಿ ಎಳೆದರು, ಯಾರನ್ನೂ ಇಳಿಸಲಿಲ್ಲ. ಅಂದರೆ ಅವರಿಗೂ ಗೊತ್ತಿದೆ.

ನಾನು ಅಗಸಿಯ ಕಟ್ಟೆಯಲ್ಲಿ ಕೂತು ಡಬ್ಬಿ ಬಿಚ್ಚಿ ಉಂಡೆ. ನಾಳೆ ಬೇರೆ ಗ್ಯಾಂಗು ಬರುತ್ತದೆ ಅಂತ ಟ್ರ್ಯಾಕ್ಟರಿನವನು ಹೇಳಿದ. ಎಲ್ಲಿಯವರೋ ಅವನಿಗೂ ಗೊತ್ತಿಲ್ಲ, ನಾಲ್ಕು ಜನ, ಏಣಿ ಅವರದೇ ಇದೆಯಂತೆ. ಭಾನುವಾರ ಆಫೀಸು ಇರುವುದಿಲ್ಲ, ಕೇಳುವವರಿಲ್ಲ. ಏಳಕ್ಕೆ ಇಳಿದರೆ ಸಂಜೆಗೆ ಮುಗಿಸುತ್ತಾರಂತೆ. ಮೇಡಂಗೆ ನಾಲ್ಕು ಸಲ ಫೋನು ಮಾಡಿದೆ. ಸ್ವಿಚ್ ಆಫ್.

ಮನೆಗೆ ಬಂದು ಕೈಕಾಲು ತೊಳೆಯುವಾಗ ಹುಲಗಪ್ಪ ಭಾವ ಬಂದರು. ಅತ್ತೆಗೆ ಏನು ಮಾಡಬೇಕೋ ತಿಳಿಯಲಿಲ್ಲ, ಚಾಪೆ ಹಾಸಿದರು, ಮತ್ತೆ ತೆಗೆದು ಕಂಬಳಿ ಹಾಸಿದರು. ಭಾವ ಕೂರಲಿಲ್ಲ. ಬಾಗಿಲಲ್ಲೇ ನಿಂತರು. ಕೈಯಲ್ಲಿ ಹಾರೆ ಇತ್ತು.

“ಅವತ್ತ ಹಲಗಿ ತಗಿ ಅಂದಾವ ನಾನಽ,” ಅಂದರು.

ಅತ್ತೆ, “ಯಾವತ್ತಪಾ?” ಅಂದರು. ನಾನು ಕೇಳಲಿಲ್ಲ.

“ಬ್ಯಾಡ ಅಣ್ಣಾ, ಇರಲಿ ಅಂದ ಅವ. ನಾನಽ ಬೈದು ತಗಸಿದೆ. ಬಡದೆ. ಗಟ್ಟಿ ಅಂತು. ಇಳಿ ಅಂದೆ.” ಹಾರೆಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು. “ಈಗ ಅಲ್ಲಿಂದಽ ಬಂದೆ ಶರಣವ್ವ. ಹಲಗಿ ಹೋದ ಮ್ಯಾಲ ಆ ತಿರುವಿನ್ಯಾಗ ಇಳದು ಬಡದೆ. ಮೂರು ಕಡೆ ಬಡದೆ. ಅದೂ ಗಟ್ಟಿ ಅಂತು.”

“ಹಂಗಂದ್ರ?” ಅಂದೆ.

“ನನಗ ಗೊತ್ತಿಲ್ಲ. ನಲವತ್ತು ವರ್ಷ ಗೊತ್ತೈತಿ ಅನಕೊಂಡಿದ್ದೆ.”

ಅವರು ಇಳಿದಿದ್ದರು. ಆಸರೆ ಇಲ್ಲದ ಆ ತಗ್ಗಿಗೆ, ಒಬ್ಬರೇ, ಮೇಲೆ ಚಪ್ಪಲಿ ಎಣಿಸುವವರು ಯಾರೂ ಇಲ್ಲದಾಗ. ಸಿಟ್ಟು ಬರಬೇಕಿತ್ತು. ಆರು ತಿಂಗಳು ಅದಕ್ಕೆ ಕಾದಿದ್ದೆ ಅನ್ನಿಸುತ್ತದೆ. ಆದರೆ ಬಾಯಿಂದ ಬಂದದ್ದು ಬೇರೆ.

“ಇದನ್ನ ನಾಳೆ ಆ ಗ್ಯಾಂಗಿನ ಮುಂದ ಹೇಳತೀರೇನು?”

ಅತ್ತೆ ಚಹಾ ಕೊಟ್ಟರು, ಭಾವ ನಿಂತೇ ಕುಡಿದರು. ಲೋಟ ಕೆಳಗಿಟ್ಟು ಹೋದರು. ಹಾರೆಯನ್ನು ಗೋಡೆಗೆ ಒರಗಿಸಿ ಹೋಗಿದ್ದಾರೆ, ಮರೆತೋ ಬೇಕೆಂದೋ ಗೊತ್ತಿಲ್ಲ. ಅತ್ತೆ ಒಳಗೆ ಮಲಗಿದ್ದಾರೆ, ಅಳುತ್ತಿದ್ದಾರೆ. ಹೋಗಿ ಪಕ್ಕದಲ್ಲಿ ಕೂತು ಬಂದೆ.

ಈ ನೋಟುಬುಕ್ಕು, ಹಗೇವಿನ ಕಾಳು ಕಟ್ಟಿದ ಪೊಟ್ಟಣ, ಆಧಾರ್ ಕಾರ್ಡು ಚೀಲಕ್ಕೆ ಹಾಕಿಟ್ಟಿದ್ದೇನೆ. ಕಾರ್ಡು ಹುಡುಕುವಾಗ ಇವರ ಫೋನು ಕೈಗೆ ಸಿಕ್ಕಿತು. ಆರಿ ಹೋಗಿದೆ. ಯಾವಾಗ ಆರಿತೋ ನೋಡಿಲ್ಲ.

ಅತ್ತೆ ಒಳಗಿನಿಂದಲೇ ಕೇಳಿದರು: “ಕೆಲಸ ಹೋತಂದಿ. ಮತ್ತ ಚೀಲ ಯಾಕ ತುಂಬಿಡಾಕತ್ತೀ?”

ಆ ಗ್ಯಾಂಗು ಏಳಕ್ಕೆ ಇಳಿಯುತ್ತದೆ. ಆರೂವರೆ ಬಸ್ಸಿಗೆ ಹೋದರೆ ಮುಟ್ಟುವುದಿಲ್ಲ. ಮೊದಲ ಬಸ್ಸು ಐದೂಕಾಲಿಗೆ.